ಮೀಟರಿನ ಬ್ಯಾಟರಿ ಬೇಗ ಮುಗಿಯುತ್ತಿದ್ದರೆ: ಸೆಲ್ ಬದಲಿಸುವುದೇ, ರಿಪೇರಿ ಮಾಡಿಸುವುದೇ, ಹೊಸದು ಕೊಳ್ಳುವುದೇ?

ವೋಲ್ಟೇಜ್, ಕರೆಂಟ್ ಅಳೆಯಲು ತಿಂಗಳಿಗೆ ನಾಲ್ಕಾರು ಸಲ ಮಾತ್ರ ಕೈಗೆತ್ತಿಕೊಳ್ಳುವ ಮಲ್ಟಿಮೀಟರಿನ ಬ್ಯಾಟರಿ ಎರಡೇ ತಿಂಗಳಲ್ಲಿ ಮುಗಿದುಹೋದರೆ ಏನು ಮಾಡಬೇಕೆಂದು ಕೇಳಿದಾಗ ಒಬ್ಬೊಬ್ಬರು ಒಂದೊಂದು ಉತ್ತರ ಕೊಡುತ್ತಾರೆ. ಅಂಗಡಿಯವರು ಆಲ್ಕಲೈನ್ ಸೆಲ್ ಹಾಕಿ ನೋಡಿ ಎನ್ನುತ್ತಾರೆ. ಜೊತೆಯಲ್ಲಿ ಕೆಲಸ ಮಾಡುವವರು ರೀಚಾರ್ಜ್ ಸೆಲ್ ಕೊಂಡುಬಿಟ್ಟರೆ ತಾಪತ್ರಯವೇ ಇರುವುದಿಲ್ಲ ಎನ್ನುತ್ತಾರೆ. ಇನ್ನೂರು, ಮುನ್ನೂರು ರೂಪಾಯಿಗೆ ಹೊಸ ಮೀಟರೇ ಸಿಗುವಾಗ ಹಳೆಯದರ ಹಿಂದೆ ಏಕೆ ಬೀಳಬೇಕು ಎಂದು ಕೇಳುವವರೂ ಇದ್ದಾರೆ. ಈ ಮೂರೂ ಸಲಹೆಗಳು ಒಂದೊಂದು ಸಂದರ್ಭಕ್ಕೆ ಸರಿಹೊಂದುತ್ತವೆ. ಆದರೆ ಬ್ಯಾಟರಿಯ ಶಕ್ತಿ ಎಲ್ಲಿ ಸೋರಿಹೋಗುತ್ತಿದೆ ಎಂಬುದನ್ನು ತಿಳಿದುಕೊಳ್ಳದೆ ಇವುಗಳಲ್ಲಿ ಯಾವುದನ್ನು ಹಿಡಿದರೂ ಹಣ ವ್ಯರ್ಥವಾಗುವ ಸಾಧ್ಯತೆಯೇ ಹೆಚ್ಚು. ಹೀಗಾಗಿ ಮೊದಲು ಯಾವ ಅಂಶಗಳನ್ನು ನೋಡಿ ತೀರ್ಮಾನಿಸಬೇಕು ಎಂಬುದನ್ನು ಗೊತ್ತುಮಾಡಿಕೊಂಡು, ಆಮೇಲೆ ಒಂದೊಂದು ಆಯ್ಕೆಯನ್ನೂ ಅವುಗಳಿಗೆ ಒಡ್ಡಿ ನೋಡೋಣ.

ಯಾವುದನ್ನು ನೋಡಿ ತೀರ್ಮಾನಿಸಬೇಕು

ಮೊದಲನೆಯದಾಗಿ, ಮೀಟರ್ ಚಾಲೂ ಇದ್ದಾಗ ಎಳೆಯುವ ಕರೆಂಟ್ ಬೇರೆ, ಆಫ್ ಆಗಿದ್ದಾಗ ಎಳೆಯುವ ಕರೆಂಟ್ ಬೇರೆ. ಚಾಲೂ ಇದ್ದಾಗ ಒಂದು ಸಾಧಾರಣ ಡಿಜಿಟಲ್ ಮೀಟರ್ ಎಳೆಯುವುದು ಬಹಳ ಕಡಿಮೆ. ಹಳದಿ ಅಥವಾ ಕಪ್ಪು ಕವಚದ ಡಿಟಿ-830 ಮಾದರಿಯ ಮೀಟರುಗಳಲ್ಲಿರುವ 7106 ಜಾತಿಯ ಚಿಪ್ಪಿಗೆ ಸುಮಾರು ಒಂದು ಮಿಲಿಆಂಪಿಯರ್ ಸಾಕು. ಐನೂರು ಮಿಲಿಆಂಪಿಯರ್-ಗಂಟೆ ಸಾಮರ್ಥ್ಯದ 9 ವೋಲ್ಟ್ ಬ್ಯಾಟರಿಯೊಂದು ಈ ಲೆಕ್ಕದಲ್ಲಿ ಸುಮಾರು ಐನೂರು ಗಂಟೆ ಬಾಳಬೇಕು. ದಿನಕ್ಕೆ ಅರ್ಧ ಗಂಟೆ ಬಳಸುವವರಿಗೆ ಅದು ಎರಡು ವರ್ಷಕ್ಕೂ ಹೆಚ್ಚಾಯಿತು. ಹಾಗಿದ್ದೂ ಎರಡು ತಿಂಗಳಲ್ಲಿ ಬ್ಯಾಟರಿ ಮುಗಿಯುತ್ತಿದ್ದರೆ ದೋಷ ಬಹುಮಟ್ಟಿಗೆ ಬಳಕೆಯಲ್ಲಿಲ್ಲ, ಆಫ್ ಆಗಿರುವ ಹೊತ್ತಿನಲ್ಲಿದೆ. ಇಲ್ಲವೇ ಬ್ಯಾಟರಿಯೇ ಹಳೆಯ ದಾಸ್ತಾನಿನದು.

ಎರಡನೆಯದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದುದು: ಬ್ಯಾಟರಿ ಎಷ್ಟು ಕಾಲ ಬಾಳುತ್ತದೆ ಎನ್ನುವುದಕ್ಕಿಂತ ಅದು ಹೇಗೆ ಮುಗಿಯುತ್ತದೆ ಎನ್ನುವುದು. ಟಾರ್ಚಿನಲ್ಲಿ ಸೆಲ್ ಮುಗಿದರೆ ಬೆಳಕು ಮಂಕಾಗುತ್ತದೆ, ಅದು ಕಣ್ಣಿಗೆ ಕಾಣುತ್ತದೆ. ಅಳೆಯುವ ಉಪಕರಣದಲ್ಲಿ ಸೆಲ್ ಮುಗಿಯುತ್ತಾ ಬಂದರೆ ಅಳತೆಯೇ ತಪ್ಪಬಹುದು, ಅದು ಕಣ್ಣಿಗೆ ಕಾಣುವುದಿಲ್ಲ. 7106 ಚಿಪ್ ತನ್ನ ಅಳತೆಗೆ ಆಧಾರವಾಗಿಟ್ಟುಕೊಳ್ಳುವ ಸುಮಾರು 2.8 ವೋಲ್ಟನ್ನು ಬ್ಯಾಟರಿಯಿಂದಲೇ ಒಳಗೆ ಸೃಷ್ಟಿಸಿಕೊಳ್ಳುತ್ತದೆ. ಬ್ಯಾಟರಿ ಸುಮಾರು 7 ವೋಲ್ಟಿಗಿಂತ ಕೆಳಗಿಳಿದರೆ ಈ ಆಧಾರವೂ ಕುಸಿಯತೊಡಗುತ್ತದೆ, ಆಗ ಮೀಟರ್ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. 230 ವೋಲ್ಟ್ ಇರುವ ಸಾಕೆಟ್ಟಿನಲ್ಲಿ 250, 260 ಎಂದು ಓದಿ, ಲೈನಿನಲ್ಲಿ ವೋಲ್ಟೇಜ್ ಹೆಚ್ಚಾಗಿದೆಯೆಂದು ಸ್ಟೆಬಿಲೈಸರ್ ಕೊಳ್ಳಲು ಹೊರಡುವವರ ಸಮಸ್ಯೆ ಎಷ್ಟೋ ಸಲ ಮೀಟರಿನ ಹಿಂಬದಿಯ ಬ್ಯಾಟರಿಯಲ್ಲಿರುತ್ತದೆ. ಒಳ್ಳೆಯ ಮೀಟರುಗಳಲ್ಲಿ ಅಳತೆ ಕೆಡುವ ಮೊದಲೇ ಬ್ಯಾಟರಿಯ ಚಿಹ್ನೆ ಮೂಡುತ್ತದೆ. ಅಗ್ಗದ ಕೆಲವು ಮಾದರಿಗಳಲ್ಲಿ ಆ ಚಿಹ್ನೆ ತಡವಾಗಿ ಬರುತ್ತದೆ ಅಥವಾ ಬರುವುದೇ ಇಲ್ಲ. ಆದ್ದರಿಂದ ನಿಧಾನವಾಗಿ ಇಳಿಯುವ ಸೆಲ್ ಬೇಕೇ, ಕೊನೆಯವರೆಗೂ ಗಟ್ಟಿಯಾಗಿ ನಿಂತು ಒಮ್ಮೆಲೇ ಬೀಳುವ ಸೆಲ್ ಬೇಕೇ ಎಂಬ ಪ್ರಶ್ನೆಗೆ ಉತ್ತರವನ್ನು ನಿಮ್ಮ ಮೀಟರ್ ಎಚ್ಚರಿಕೆ ಕೊಡುತ್ತದೆಯೋ ಇಲ್ಲವೋ ಎಂಬುದನ್ನು ನೋಡಿಯೇ ಹೇಳಬೇಕಾಗುತ್ತದೆ.

ಇನ್ನು ಮೂರು ಅಂಶಗಳನ್ನು ಬೇಗ ಹೇಳಿ ಮುಗಿಸಬಹುದು. ಸೆಲ್ ಒಳಗೆ ಸೋರಿದರೆ ಹಾಳಾಗುವುದು ಸೆಲ್ ಮಾತ್ರವಲ್ಲ, ಮೀಟರಿನ ಬೋರ್ಡ್ ಕೂಡ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ, ಅಥವಾ ಬಿಸಿಲಿಗೆ ನಿಲ್ಲಿಸಿದ ಗಾಡಿಯ ಡ್ಯಾಶ್‌ಬೋರ್ಡಿನಲ್ಲಿ ಇಟ್ಟ ಮೀಟರಿನ ಸೆಲ್ ಬಳಸದಿದ್ದರೂ ತಾನೇ ತಾನಾಗಿ ಇಳಿಯುತ್ತದೆ. ಬೆಲೆಯನ್ನು ಒಂದು ಸೆಲ್ಲಿಗೆ ಎಷ್ಟು ಎಂದು ನೋಡದೆ ವರ್ಷಕ್ಕೆ ಎಷ್ಟು ಎಂದು ನೋಡಬೇಕು.

ಮೊದಲು ಅಳೆದು ನೋಡಿ

ಆಯ್ಕೆಗೆ ಇಳಿಯುವ ಮೊದಲು ಒಂದೇ ಒಂದು ಅಳತೆ ಬೇಕು: ಮೀಟರ್ ಆಫ್ ಇದ್ದಾಗ ಅದು ಬ್ಯಾಟರಿಯಿಂದ ಎಷ್ಟು ಕರೆಂಟ್ ಎಳೆಯುತ್ತಿದೆ? ಇದಕ್ಕೆ ಇನ್ನೊಂದು ಮೀಟರನ್ನು ಎರವಲು ತರಬೇಕಾಗುತ್ತದೆ.

ಎಲ್ಲಕ್ಕೂ ಮೊದಲು ಪ್ರೋಬುಗಳೆರಡನ್ನೂ ಲೈನಿನಿಂದಲೂ ಮೀಟರಿನ ಸಾಕೆಟ್ಟಿನಿಂದಲೂ ಕಿತ್ತು ಬದಿಗಿಟ್ಟು, ಆಮೇಲಷ್ಟೇ ಹಿಂಬದಿಯ ಮುಚ್ಚಳ ತೆಗೆಯಿರಿ. 9 ವೋಲ್ಟಿನ ಬ್ಯಾಟರಿಯಾದರೆ ಕೆಲಸ ಸುಲಭ: ಕ್ಲಿಪ್ಪನ್ನು ಬಿಡಿಸಿ, ಒಂದು ಗುಂಡಿ ಮಾತ್ರ ಕೂಡಿಕೊಂಡಿರುವಂತೆ ಓರೆಯಾಗಿ ತಿರುಗಿಸಿ, ಉಳಿದ ಎರಡು ತುದಿಗಳ ನಡುವೆ ಎರಡನೆಯ ಮೀಟರನ್ನು ಸೇರಿಸಿ. ಪೆನ್ ಸೆಲ್ಲುಗಳಾದರೆ ತೆಳುವಾದ ರಟ್ಟಿನ ಎರಡೂ ಬದಿಗೆ ತಾಮ್ರದ ಹಾಳೆ ಅಂಟಿಸಿ, ಸೆಲ್ಲಿಗೂ ಸ್ಪ್ರಿಂಗಿಗೂ ನಡುವೆ ತೂರಿಸಿ, ಎರಡು ಬದಿಗೆ ಒಂದೊಂದು ಪ್ರೋಬ್ ಮುಟ್ಟಿಸಬೇಕು. ಎರಡನೆಯ ಮೀಟರನ್ನು ಮೊದಲು ಮಿಲಿಆಂಪಿಯರ್ ರೇಂಜಿನಲ್ಲಿಟ್ಟು, ಕರೆಂಟ್ ಕಡಿಮೆಯಿದೆಯೆಂದು ಖಚಿತವಾದ ಮೇಲೆ ಮೈಕ್ರೋಆಂಪಿಯರಿಗೆ ಇಳಿಸಿ. ಮೈಕ್ರೋಆಂಪಿಯರ್ ರೇಂಜಿನ ಒಳಗಿನ ತಡೆ ಹೆಚ್ಚಿರುವುದರಿಂದ ಮೊದಲೇ ಅದರಲ್ಲಿಟ್ಟರೆ ಅಳೆಸಿಕೊಳ್ಳುತ್ತಿರುವ ಮೀಟರಿಗೆ ಸಾಕಷ್ಟು ವೋಲ್ಟೇಜ್ ಸಿಗದೆ ಅದು ವಿಚಿತ್ರವಾಗಿ ವರ್ತಿಸಬಹುದು.

ಎರವಲು ತಂದ ಮೀಟರಿನ ಕರೆಂಟ್ ಫ್ಯೂಸ್ ಸುಟ್ಟಿರುವುದು ತೀರ ಸಾಮಾನ್ಯ. ಹಾಗಿದ್ದರೆ ಅದೇ ಜಾಗದಲ್ಲಿ 100 ಓಮಿನ ರೆಸಿಸ್ಟರ್ ಸೇರಿಸಿ, ಅದರ ಎರಡು ತುದಿಗಳ ನಡುವಿನ ಮಿಲಿವೋಲ್ಟನ್ನು ಅಳೆಯಿರಿ. ಒಂದು ಮಿಲಿವೋಲ್ಟ್ ಎಂದರೆ ಹತ್ತು ಮೈಕ್ರೋಆಂಪಿಯರ್. ಈ ವಿಧಾನ ಫ್ಯೂಸ್ ಇದ್ದವರಿಗೂ ಒಳ್ಳೆಯದೇ. ಕೆಲಸ ಮುಗಿದ ಮೇಲೆ ಪ್ರೋಬನ್ನು ಆಂಪಿಯರ್ ಸಾಕೆಟ್ಟಿನಲ್ಲೇ ಮರೆತು ಮನೆಯ ಲೈನಿಗೆ ಮುಟ್ಟಿಸುವ ಅಪಾಯ ಇದರಲ್ಲಿಲ್ಲ.

ಸಿಕ್ಕ ಅಂಕಿಯನ್ನು ಹೀಗೆ ಓದಿಕೊಳ್ಳಬೇಕು. ರೋಟರಿ ಸ್ವಿಚ್ಚೇ ಬ್ಯಾಟರಿಯನ್ನು ಕತ್ತರಿಸುವ ಮೀಟರಿನಲ್ಲಿ ಆಫ್ ಕರೆಂಟ್ ಸೊನ್ನೆಯೇ ಬರಬೇಕು. ಗುಂಡಿ ಒತ್ತಿ ಚಾಲೂ ಮಾಡುವ ಮೀಟರಿನ ಚಿಪ್ ಆ ಗುಂಡಿಗಾಗಿ ಸದಾ ಕಾಯುತ್ತಿರುವುದರಿಂದ ಕೆಲವು ಮೈಕ್ರೋಆಂಪಿಯರ್ ಎಳೆಯುವುದು ಸಹಜ. ಹತ್ತು ಮೈಕ್ರೋಆಂಪಿಯರ್ ಎಳೆದರೆ ಐನೂರು ಮಿಲಿಆಂಪಿಯರ್-ಗಂಟೆಯ ಬ್ಯಾಟರಿಗೆ ಐದು ವರ್ಷಕ್ಕೂ ಮೀರಿದ ಆಯಸ್ಸು, ಚಿಂತೆಯಿಲ್ಲ. ಐವತ್ತಾದರೆ ಹದಿಮೂರು, ಹದಿನಾಲ್ಕು ತಿಂಗಳು. ಐನೂರು ಮೈಕ್ರೋಆಂಪಿಯರ್ ಎಂದರೆ ಅರ್ಧ ಮಿಲಿಆಂಪಿಯರ್. ಅದು ನಲವತ್ತು ದಿನಗಳಲ್ಲಿ ಬ್ಯಾಟರಿಯನ್ನು ಬರಿದು ಮಾಡುತ್ತದೆ. ನೂರು ದಾಟಿದ ಯಾವ ಅಂಕಿಯನ್ನೂ ನಾನು ದೋಷವೆಂದೇ ಪರಿಗಣಿಸುತ್ತೇನೆ, ಅಲ್ಲಿ ಸೆಲ್ ಬದಲಿಸುವುದರಿಂದ ಏನೂ ಸಾಧ್ಯವಿಲ್ಲ.

ತಾನಾಗಿ ಆಫ್ ಆಗುವ ಸೌಲಭ್ಯವುಳ್ಳ ಮೀಟರಿನಲ್ಲಿ ಇನ್ನೊಂದು ಅಳತೆಯೂ ಬೇಕು. ಸ್ವಿಚ್ಚನ್ನು ವೋಲ್ಟಿನಲ್ಲೇ ಬಿಟ್ಟು, ಮೀಟರ್ ತಾನೇ ಮಲಗುವವರೆಗೂ ಕಾದು, ಆಗ ಎಷ್ಟು ಎಳೆಯುತ್ತದೆ ನೋಡಿ. ಡಿಸ್‌ಪ್ಲೇ ಖಾಲಿಯಾದ ಮಾತ್ರಕ್ಕೆ ಕರೆಂಟ್ ನಿಂತಿತೆಂದು ಅರ್ಥವಲ್ಲ. ಮಲಗಿದ ಸ್ಥಿತಿಯಲ್ಲಿ ಹೆಚ್ಚು ಎಳೆದು, ಸ್ವಿಚ್ಚನ್ನು ಆಫಿಗೆ ತಿರುಗಿಸಿದಾಗ ಸೊನ್ನೆಯಾದರೆ ಮೀಟರಿಗೆ ರಿಪೇರಿ ಬೇಕಿಲ್ಲ, ಕೆಲಸವಾದ ಕೂಡಲೇ ಆಫ್ ಮಾಡುವ ಅಭ್ಯಾಸವೊಂದೇ ಸಾಕು.

ಕೊನೆಗೆ ಸೆಲ್ಲನ್ನೂ ಪರೀಕ್ಷಿಸಬೇಕು. ಯಾವ ಹೊರೆಯೂ ಇಲ್ಲದೆ ಅಳೆದರೆ ಮುಗಿದ ಸೆಲ್ ಕೂಡ ಒಳ್ಳೆಯ ವೋಲ್ಟೇಜ್ ತೋರಿಸಬಹುದು. 9 ವೋಲ್ಟಿನ ಬ್ಯಾಟರಿಗೆ ಒಂದು ಕಿಲೋಓಮ್, ಪೆನ್ ಸೆಲ್ಲಿಗೆ ಹತ್ತು ಓಮಿನ ರೆಸಿಸ್ಟರ್ ಹಚ್ಚಿಟ್ಟುಕೊಂಡೇ ವೋಲ್ಟೇಜ್ ನೋಡಿ. ಹೊಸದೆಂದು ಕೊಂಡ ಸೆಲ್ ಈ ಸಣ್ಣ ಹೊರೆಗೇ ಗಣನೀಯವಾಗಿ ಇಳಿದುಬಿಟ್ಟರೆ ಅಂಗಡಿಯನ್ನು ಬದಲಿಸಬೇಕೇ ಹೊರತು ಮೀಟರನ್ನಲ್ಲ.

ಸೆಲ್ಲುಗಳಲ್ಲಿ ಯಾವುದು

ಆಫ್ ಕರೆಂಟ್ ಸರಿಯಿದೆ ಎಂದಾದರೆ ಉಳಿಯುವುದು ಸೆಲ್ಲಿನ ಆಯ್ಕೆ. ಸತು-ಕಾರ್ಬನ್ ಸೆಲ್ ಎಲ್ಲ ಊರುಗಳ ಎಲ್ಲ ಅಂಗಡಿಗಳಲ್ಲೂ ಸಿಗುತ್ತದೆ, ಅತ್ಯಂತ ಅಗ್ಗ. 9 ವೋಲ್ಟಿನದಾದರೆ ಮೈಮೇಲೆ 6ಎಫ್22 ಎಂದಿರುತ್ತದೆ. ಮಲ್ಟಿಮೀಟರಿನಂಥ ಕಡಿಮೆ ಎಳೆತದ ಉಪಕರಣದಲ್ಲಿ ಇದರ ಬಾಳಿಕೆ ನಾವು ಭಾವಿಸುವಷ್ಟು ಕೆಟ್ಟದ್ದೇನಲ್ಲ. ಅದು ನಿಧಾನವಾಗಿ ಇಳಿಯುವುದರಿಂದ ಎಚ್ಚರಿಕೆಯ ಚಿಹ್ನೆಯಿರುವ ಮೀಟರಿನಲ್ಲಿ ಸಾಕಷ್ಟು ಮುಂಚೆಯೇ ಸೂಚನೆ ಸಿಗುತ್ತದೆ. ಆದರೆ ಸೆಲ್ಲಿನ ಸತುವಿನ ಕವಚವೇ ರಾಸಾಯನಿಕ ಕ್ರಿಯೆಯಲ್ಲಿ ಕರಗುತ್ತಾ ಹೋಗುವುದರಿಂದ, ಮುಗಿದ ಸೆಲ್ಲನ್ನು ಒಳಗೇ ಬಿಟ್ಟರೆ ಅದು ಸೋರುವುದು ಬಹುತೇಕ ಖಚಿತ. ಬೆಳಕಿನ ಡಿಸ್‌ಪ್ಲೇಯನ್ನು ಹೆಚ್ಚು ಬಳಸುವವರಿಗೆ ಇದು ಸಲ್ಲದು. ಕೈ ಬಿಗಿಯಿರುವ ವಿದ್ಯಾರ್ಥಿಗಳು, ವರ್ಷಕ್ಕೊಮ್ಮೆ ತಪ್ಪದೆ ಸೆಲ್ ಬದಲಿಸುವ ಶಿಸ್ತು ಇರುವವರು ಇದನ್ನು ನಿಶ್ಚಿಂತೆಯಿಂದ ಬಳಸಬಹುದು.

ಆಲ್ಕಲೈನ್ ಸೆಲ್ ಹೆಚ್ಚಿನವರಿಗೆ ಸರಿಯಾದ ಆಯ್ಕೆ. ಪೆನ್ ಸೆಲ್ಲಿನ ಗಾತ್ರದಲ್ಲಿ ಕಡಿಮೆ ಎಳೆತಕ್ಕೆ ಸುಮಾರು 2500 ಮಿಲಿಆಂಪಿಯರ್-ಗಂಟೆ, 9 ವೋಲ್ಟಿನ 6ಎಲ್‌ಆರ್61ರಲ್ಲಿ ಸುಮಾರು 500 ಮಿಲಿಆಂಪಿಯರ್-ಗಂಟೆ ಸಿಗುತ್ತದೆ. ಕಪಾಟಿನಲ್ಲಿ ವರ್ಷಗಟ್ಟಲೆ ಶಕ್ತಿ ಕಳೆದುಕೊಳ್ಳದೆ ಇರುತ್ತದೆ. ಇಳಿಯುವುದು ನಿಧಾನವಾಗಿಯೇ, ಹಾಗಾಗಿ ಮೀಟರಿನ ಎಚ್ಚರಿಕೆ ನಂಬಿಕೆಗೆ ಅರ್ಹವಾಗಿರುತ್ತದೆ; ಮೀಟರ್ ತಯಾರಕರು ಎಚ್ಚರಿಕೆಯ ಮಟ್ಟವನ್ನು ಸಾಮಾನ್ಯವಾಗಿ ಆಲ್ಕಲೈನ್ ಸೆಲ್ಲನ್ನೇ ಮನಸ್ಸಿನಲ್ಲಿಟ್ಟುಕೊಂಡು ನಿಗದಿ ಮಾಡಿರುತ್ತಾರೆ. ದೋಷವೆಂದರೆ ಇದೂ ಸೋರುತ್ತದೆ, ಮತ್ತು ಪೂರ್ತಿ ಬರಿದಾಗಿ ಒಳಗೇ ಉಳಿದಾಗ ಸೋರುವ ಸಂಭವ ಹೆಚ್ಚುತ್ತದೆ. ಸೋರುವ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬೋರ್ಡಿನ ತಾಮ್ರದ ಮೇಲೆ ಹರಡಿದರೆ ಅದೇ ಮುಂದೆ ಆಫ್ ಕರೆಂಟಿಗೆ ಕಾರಣವಾಗಬಹುದು. ಬೆಲೆಯ ವಿಷಯದಲ್ಲಿ ಪೆನ್ ಸೆಲ್ಲಿಗೂ 9 ವೋಲ್ಟಿಗೂ ವ್ಯತ್ಯಾಸವಿದೆ: ಪೆನ್ ಸೆಲ್ಲಿನಲ್ಲಿ ಕೊಟ್ಟ ಹೆಚ್ಚಿನ ಹಣಕ್ಕೆ ತಕ್ಕ ಆಯಸ್ಸು ಬರುತ್ತದೆ, 9 ವೋಲ್ಟಿನಲ್ಲಿ ಬೆಲೆ ಹಲವು ಪಟ್ಟು ಹೆಚ್ಚಿ, ಆಯಸ್ಸು ಅಷ್ಟು ಪಟ್ಟು ಹೆಚ್ಚುವುದಿಲ್ಲ. ಇನ್ನೂರೈವತ್ತು ರೂಪಾಯಿಯ ಮೀಟರಿಗೆ ಅಷ್ಟೇ ಬೆಲೆಯ ಬ್ಯಾಟರಿ ಹಾಕುವುದರಲ್ಲಿ ಅರ್ಥವಿಲ್ಲ. ಅದೇ ಬ್ಯಾಟರಿಯನ್ನು ಸಾವಿರಾರು ರೂಪಾಯಿಯ ಮೀಟರಿಗೆ ಹಾಕದಿರುವುದರಲ್ಲೂ ಅರ್ಥವಿಲ್ಲ.

ರೀಚಾರ್ಜ್ ಸೆಲ್ಲುಗಳ ವಿಷಯ ಸ್ವಲ್ಪ ಸಿಕ್ಕಲಾದುದರಿಂದ ವಿವರವಾಗಿ ನೋಡಬೇಕು. ನಿಕಲ್-ಮೆಟಲ್-ಹೈಡ್ರೈಡ್ ಪೆನ್ ಸೆಲ್ಲಿನ ವೋಲ್ಟೇಜ್ 1.2. ಎರಡು ಸೆಲ್ಲಿನ ಮೀಟರಿಗೆ ಆಗ 3 ವೋಲ್ಟಿನ ಬದಲು 2.4 ವೋಲ್ಟ್ ಸಿಗುತ್ತದೆ. ಕೆಲವು ಮೀಟರುಗಳು ಇದನ್ನು ಸಹಿಸುತ್ತವೆ. ಕೆಲವು ಪೂರ್ತಿ ಚಾರ್ಜ್ ಆದ ಸೆಲ್ ಹಾಕಿದರೂ ಸ್ವಲ್ಪ ಹೊತ್ತಿನಲ್ಲೇ ಬ್ಯಾಟರಿಯ ಚಿಹ್ನೆ ತೋರಿಸತೊಡಗುತ್ತವೆ. ಸದಾ ಕಾಣುವ ಎಚ್ಚರಿಕೆಯನ್ನು ಜನ ಕಡೆಗಣಿಸುತ್ತಾರೆ, ಅದು ಎಚ್ಚರಿಕೆಯೇ ಇಲ್ಲದ್ದಕ್ಕೆ ಸಮ. ಹೀಗಾಗಿ ಕೈಪಿಡಿಯಲ್ಲಿ ರೀಚಾರ್ಜ್ ಸೆಲ್ಲಿಗೆ ಒಪ್ಪಿಗೆಯಿದೆಯೇ ಎಂದು ನೋಡಿಯೇ ಕೊಳ್ಳಬೇಕು. 9 ವೋಲ್ಟಿನ ಗಾತ್ರದಲ್ಲಿ ಸಾಮಾನ್ಯವಾಗಿ ಎರಡು ಬಗೆಗಳು ಸಿಗುತ್ತವೆ: ಒಳಗೆ ಆರು ಸೆಲ್ಲಿರುವುದು 7.2 ವೋಲ್ಟ್, ಏಳು ಸೆಲ್ಲಿರುವುದು 8.4 ವೋಲ್ಟ್. ಮೊದಲನೆಯದು 7106 ಚಿಪ್ಪಿನ ಮೀಟರಿಗೆ ಯೋಗ್ಯವೇ ಅಲ್ಲ, ಅದು ಪ್ರಾರಂಭದಲ್ಲೇ ತಪ್ಪು ಅಳತೆಯ ಅಂಚಿನಲ್ಲಿರುತ್ತದೆ. ಎರಡನೆಯದು ನಡೆಯುತ್ತದೆ, ಆದರೆ ಅದರ ಸಾಮರ್ಥ್ಯ 150ರಿಂದ 250 ಮಿಲಿಆಂಪಿಯರ್-ಗಂಟೆಯಷ್ಟೇ, ಅಂದರೆ ಆಲ್ಕಲೈನಿನ ಅರ್ಧಕ್ಕಿಂತಲೂ ಕಡಿಮೆ ಇರಬಹುದು. ಇದರ ಮೇಲೆ ಹಳೆಯ ಬಗೆಯ ಹೈಡ್ರೈಡ್ ಸೆಲ್ಲುಗಳು ಬಳಸದೆ ಇಟ್ಟರೂ ಕೆಲವೇ ತಿಂಗಳಲ್ಲಿ ಇಳಿದುಬಿಡುತ್ತವೆ, ಬಿಸಿಲಿನ ಊರುಗಳಲ್ಲಿ ಇನ್ನೂ ಬೇಗ. ಎನಿಲೂಪಿನಂಥ, ತಾನಾಗಿ ಇಳಿಯುವ ಪ್ರಮಾಣ ಕಡಿಮೆಯಿರುವ ಸೆಲ್ಲುಗಳಲ್ಲಿ ಈ ತೊಂದರೆ ಬಹಳ ಮಟ್ಟಿಗೆ ಕಡಿಮೆ.

ಹಾಗಾದರೆ ರೀಚಾರ್ಜ್ ಸೆಲ್ ಯಾರಿಗೆ? ದಿನವಿಡೀ ಮೀಟರ್ ಚಾಲೂ ಇಟ್ಟುಕೊಂಡೇ ಕೆಲಸ ಮಾಡುವವರಿಗೆ, ಕತ್ತಲ ಪ್ಯಾನೆಲ್ ರೂಮಿನಲ್ಲಿ ಬೆಳಕಿನ ಡಿಸ್‌ಪ್ಲೇ ಬಳಸುವವರಿಗೆ, ಮುಖ್ಯವಾಗಿ ತಂತಿ, ಮೋಟಾರುಗಳ ಇನ್ಸುಲೇಶನ್ನನ್ನು ಹೆಚ್ಚಿನ ವೋಲ್ಟೇಜಿನಲ್ಲಿ ಪರೀಕ್ಷಿಸುವ ಮೆಗ್ಗರ್ ಬಳಸುವವರಿಗೆ. ಇನ್ಸುಲೇಶನ್ ಪರೀಕ್ಷೆಯ ಅಂತರರಾಷ್ಟ್ರೀಯ ಮಾನಕದ ಪ್ರಕಾರ ಈ ಉಪಕರಣ ನಿಗದಿತ ಹೊರೆಗೆ ಕನಿಷ್ಠ ಒಂದು ಮಿಲಿಆಂಪಿಯರ್ ಕೊಡಬೇಕು. ಸಾವಿರ ವೋಲ್ಟಿನಲ್ಲಿ ಒಂದು ಮಿಲಿಆಂಪಿಯರ್ ಎಂದರೆ ಒಂದು ವ್ಯಾಟ್. ಆರು ಪೆನ್ ಸೆಲ್ಲಿನ ಉಪಕರಣದಲ್ಲಿ ಪರಿವರ್ತನೆಯ ನಷ್ಟವನ್ನೂ ಸೇರಿಸಿದರೆ ಸೆಲ್ಲುಗಳಿಂದ ನೂರಾರು ಮಿಲಿಆಂಪಿಯರ್ ಎಳೆಯಬೇಕಾಗುತ್ತದೆ. ಇಷ್ಟು ಎಳೆತಕ್ಕೆ ಸತು-ಕಾರ್ಬನ್ ಸೆಲ್ ಕುಗ್ಗಿಹೋಗುತ್ತದೆ, ಗುಂಡಿ ಒತ್ತಿದ ಕೂಡಲೇ ಬ್ಯಾಟರಿಯ ಚಿಹ್ನೆ ಮಿನುಗುತ್ತದೆ. ಹೈಡ್ರೈಡ್ ಸೆಲ್ಲಿನ ಒಳತಡೆ ಕಡಿಮೆಯಿರುವುದರಿಂದ ಈ ಕೆಲಸಕ್ಕೆ ಅದೇ ಮೇಲು. ಮೆಗ್ಗರಿನ ಬ್ಯಾಟರಿ ಬೇಗ ಮುಗಿಯುತ್ತದೆ ಎಂದು ದೂರುವವರು ಆಫ್ ಕರೆಂಟನ್ನು ಹುಡುಕುವ ಮೊದಲು ಯಾವ ಸೆಲ್ ಹಾಕಿದ್ದೇವೆಂದು ನೋಡಿಕೊಳ್ಳಲಿ.

ಯುಎಸ್‌ಬಿ ತಂತಿಯಿಂದಲೇ ಚಾರ್ಜ್ ಆಗುವ ಲಿಥಿಯಂ-ಅಯಾನ್ ಸೆಲ್ಲುಗಳು ಈಚೆಗೆ ಎರಡೂ ಗಾತ್ರಗಳಲ್ಲಿ ಸಿಗುತ್ತಿವೆ. ಒಳಗಿನ ಸರ್ಕ್ಯೂಟ್ 1.5 ಅಥವಾ 9 ವೋಲ್ಟನ್ನು ಕೊನೆಯವರೆಗೂ ಬಹುತೇಕ ಒಂದೇ ಮಟ್ಟದಲ್ಲಿ ಹಿಡಿದಿಟ್ಟು, ಶಕ್ತಿ ಮುಗಿದೊಡನೆ ಒಮ್ಮೆಲೇ ಕತ್ತರಿಸುತ್ತದೆ. ಎಚ್ಚರಿಕೆಯ ಚಿಹ್ನೆಯೇ ಇಲ್ಲದ ಅಗ್ಗದ ಮೀಟರಿಗೆ ಇದೊಂದು ಅನುಕೂಲ, ಏಕೆಂದರೆ ಕುಸಿದ ವೋಲ್ಟೇಜಿನಿಂದ ತಪ್ಪು ಅಳತೆ ಬರುವ ಪ್ರಶ್ನೆಯೇ ಉಳಿಯುವುದಿಲ್ಲ. ಆದರೆ ಒಳ್ಳೆಯ ಮೀಟರಿನಲ್ಲಿ ಇದರಿಂದ ಎಚ್ಚರಿಕೆಯ ವ್ಯವಸ್ಥೆ ನಿಷ್ಪ್ರಯೋಜಕವಾಗುತ್ತದೆ, ಕಂಬದ ಮೇಲೆ ಕೆಲಸದ ನಡುವೆ ಯಾವ ಸೂಚನೆಯೂ ಇಲ್ಲದೆ ಡಿಸ್‌ಪ್ಲೇ ಆರಿಹೋಗಬಹುದು. ಆ ಸರ್ಕ್ಯೂಟ್ ಮೀಟರ್ ಆಫ್ ಇದ್ದಾಗಲೂ ಒಂದಿಷ್ಟು ಕರೆಂಟ್ ತಿನ್ನುತ್ತದೆ, ಅದರ ಸ್ವಿಚಿಂಗಿನಿಂದ ಹುಟ್ಟುವ ವೋಲ್ಟೇಜಿನ ಸಣ್ಣ ಏರಿಳಿತ ಮಿಲಿವೋಲ್ಟ್ ರೇಂಜಿನ ಕೊನೆಯ ಅಂಕಿಗಳನ್ನು ಅಲುಗಾಡಿಸಲೂಬಹುದು. ಅಪರೂಪಕ್ಕೆ ಬಳಸುವ ಮೀಟರಿಗೆ ನಾನು ಇದನ್ನು ಸೂಚಿಸುವುದಿಲ್ಲ.

ರೀಚಾರ್ಜ್ ಮಾಡಲಾಗದ ಲಿಥಿಯಂ ಸೆಲ್ ಇವೆಲ್ಲಕ್ಕಿಂತ ಬೇರೆ. ಪೆನ್ ಸೆಲ್ಲಿನ ಗಾತ್ರದಲ್ಲಿ ಸುಮಾರು 3000 ಮಿಲಿಆಂಪಿಯರ್-ಗಂಟೆ, 9 ವೋಲ್ಟಿನಲ್ಲಿ ಸುಮಾರು 1200 ಮಿಲಿಆಂಪಿಯರ್-ಗಂಟೆ, ಹತ್ತು ವರ್ಷಕ್ಕೂ ಮೀರಿದ ಕಪಾಟಿನ ಆಯಸ್ಸು, ಮತ್ತು ಎಲ್ಲಕ್ಕಿಂತ ಮಿಗಿಲಾಗಿ ಸೋರುವ ಭಯ ತೀರ ಕಡಿಮೆ. ಬೆಲೆ ಮಾತ್ರ ಹೆಚ್ಚು, ಸಣ್ಣ ಊರುಗಳಲ್ಲಿ ಸಿಗುವುದೂ ಕಷ್ಟ. ವರ್ಷಕ್ಕೆ ಎರಡು ಮೂರು ಸಲ ಮಾತ್ರ ಬಳಸುವ ಬೆಲೆಬಾಳುವ ಮೀಟರ್, ತೋಟದ ಮನೆಯಲ್ಲಿ ಪಂಪ್‌ಸೆಟ್ಟಿನ ಪಕ್ಕದಲ್ಲಿಟ್ಟ ಮೀಟರ್, ವಿದೇಶದಿಂದ ಬಂದವರು ಮನೆಯಲ್ಲಿ ಬಿಟ್ಟುಹೋಗುವ ಮೀಟರ್, ಇಂಥವುಗಳಿಗೆ ಇದಕ್ಕಿಂತ ಒಳ್ಳೆಯ ಸೆಲ್ ಇಲ್ಲ. ಇಲ್ಲಿ ಹಣ ಕೊಡುವುದು ಸಾಮರ್ಥ್ಯಕ್ಕಲ್ಲ, ಬೋರ್ಡಿನ ರಕ್ಷಣೆಗೆ.

ಆಫ್ ಕರೆಂಟ್ ಹೆಚ್ಚಿದ್ದರೆ

ನೂರು ಮೈಕ್ರೋಆಂಪಿಯರಿಗಿಂತ ಹೆಚ್ಚು ಎಳೆಯುತ್ತಿದ್ದರೆ ಮೊದಲು ಸರಳವಾದವನ್ನೇ ನೋಡಿ. ರೋಟರಿ ಸ್ವಿಚ್ಚಿನ ಗುಬ್ಬಿ ಸವೆದು, ಬಾಣ ಆಫ್ ಎಂದು ತೋರಿಸುತ್ತಿದ್ದರೂ ಒಳಗಿನ ತಗಡು ಪಕ್ಕದ ಪಟ್ಟಿಯನ್ನು ಮುಟ್ಟಿಕೊಂಡಿರಬಹುದು. ಆಫ್ ಸ್ಥಾನದಲ್ಲೇ ಗುಬ್ಬಿಯನ್ನು ಸ್ವಲ್ಪ ಆಚೀಚೆ ಆಡಿಸಿದಾಗ ಕರೆಂಟ್ ಬದಲಾದರೆ ಇದೇ ಕಾರಣ. ಬೆಳಕಿನ ಗುಂಡಿ ಸಿಕ್ಕಿಕೊಂಡಿರಬಹುದು. ಹಿಂದೆ ಸೋರಿದ ಸೆಲ್ಲಿನ ಬಿಳಿ ಅಥವಾ ಹಸಿರು ಹುಡಿ ಬೋರ್ಡಿನ ಮೇಲಿದ್ದರೆ ಅದು ತೇವವನ್ನು ಹೀರಿಕೊಂಡು ಎರಡು ಪಟ್ಟಿಗಳ ನಡುವೆ ಸೇತುವೆಯಾಗುತ್ತದೆ. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ, ಮಲೆನಾಡಿನ ಮಳೆಗಾಲದಲ್ಲಿ ಈ ದೋಷ ಜೂನಿನಿಂದ ಸೆಪ್ಟೆಂಬರಿನವರೆಗೆ ಕಾಣಿಸಿಕೊಂಡು ಬೇಸಿಗೆಯಲ್ಲಿ ಮಾಯವಾಗುವುದೂ ಉಂಟು. ಕಾಲಕ್ಕೆ ತಕ್ಕಂತೆ ಬಂದು ಹೋಗುವ ಎಳೆತವೆಂದರೆ ಕೊಳೆಯೇ ಎಂದು ಹೆಚ್ಚುಕಡಿಮೆ ಧೈರ್ಯದಿಂದ ಹೇಳಬಹುದು.

ಆಲ್ಕಲೈನ್ ಸೋರಿದ್ದರೆ ವಿನೆಗರ್ ಅಥವಾ ನಿಂಬೆರಸದಲ್ಲಿ ಅದ್ದಿದ ಹತ್ತಿಯಿಂದ ಒರೆಸಬೇಕು, ಏಕೆಂದರೆ ಅದು ಕ್ಷಾರ. ಸತು-ಕಾರ್ಬನ್ ಸೋರಿದ್ದರೆ ಅದು ಆಮ್ಲದ ಕಡೆಯದು, ಅದಕ್ಕೆ ಅಡುಗೆಸೋಡಾ ಕರಗಿಸಿದ ನೀರು. ಎರಡರ ನಂತರವೂ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಚೆನ್ನಾಗಿ ತೊಳೆದು, ಪೂರ್ತಿ ಒಣಗಿಸಿ, ಮತ್ತೊಮ್ಮೆ ಕರೆಂಟ್ ಅಳೆಯಬೇಕು. ಖರ್ಚು ನಗಣ್ಯ, ಹೀಗಾಗಿ ಯಾವ ಬೆಲೆಯ ಮೀಟರಿಗಾದರೂ ಇದನ್ನು ಮಾಡಿ ನೋಡಬಹುದು. ಇಷ್ಟಾದ ಮೇಲೂ ಎಳೆತ ಉಳಿದರೆ ಸೋರುತ್ತಿರುವ ಕೆಪಾಸಿಟರ್, ಹಾಳಾದ ಪವರ್ ಟ್ರಾನ್ಸಿಸ್ಟರ್ ಅಥವಾ ಚಿಪ್ಪೇ ಕಾರಣವಿರಬಹುದು. ಆಗ ಮುಂದಿರುವ ದಾರಿಗಳು ಮೂರು.

ಮೊದಲನೆಯದು ತಿಳಿದವರಿಂದ ರಿಪೇರಿ. ಸಾವಿರಾರು ರೂಪಾಯಿಯ ಮೀಟರಿಗೆ ಇದು ಖಂಡಿತ ತಕ್ಕುದು. ರಿಪೇರಿಯ ನಂತರ ಗೊತ್ತಿರುವ ವೋಲ್ಟೇಜಿನೊಂದಿಗೆ ಅಳತೆಯನ್ನು ಹೋಲಿಸಿ ನೋಡುವುದನ್ನು ಮಾತ್ರ ಬಿಡಬಾರದು. ಪ್ರಮಾಣಪತ್ರ ಬೇಕಾಗುವ ಕೆಲಸದಲ್ಲಿರುವವರು ಕ್ಯಾಲಿಬ್ರೇಶನ್ನಿನ ವೆಚ್ಚವನ್ನೂ ರಿಪೇರಿಯ ವೆಚ್ಚಕ್ಕೆ ಸೇರಿಸಿ ಲೆಕ್ಕ ಹಾಕಬೇಕು.

ಎರಡನೆಯದು ಬ್ಯಾಟರಿಯ ತಂತಿಗೆ ಪುಟ್ಟ ಸ್ವಿಚ್ಚೊಂದನ್ನು ಸೇರಿಸುವುದು. ಹತ್ತಿಪ್ಪತ್ತು ರೂಪಾಯಿಯಲ್ಲಿ ಸಮಸ್ಯೆ ಮುಗಿಯುತ್ತದೆ ಎಂಬ ಕಾರಣಕ್ಕೆ ಹಲವರು ಇದನ್ನು ಮಾಡುತ್ತಾರೆ. ಹನ್ನೆರಡು ವೋಲ್ಟಿನ ಬ್ಯಾಟರಿ, ಸೋಲಾರ್ ದೀಪ, ಎಲೆಕ್ಟ್ರಾನಿಕ್ಸ್ ಪ್ರಯೋಗಗಳಿಗಷ್ಟೇ ಮೀಸಲಾದ ಮೀಟರಿನಲ್ಲಿ ನನ್ನ ಆಕ್ಷೇಪವಿಲ್ಲ. ಆದರೆ ಮನೆಯ ಲೈನ್, ಡಿಸ್ಟ್ರಿಬ್ಯೂಷನ್ ಬೋರ್ಡ್, ಮೋಟಾರ್ ಸ್ಟಾರ್ಟರುಗಳಿಗೆ ಹಿಡಿಯುವ ಮೀಟರಿನ ಕವಚಕ್ಕೆ ದಯವಿಟ್ಟು ತೂತು ಕೊರೆಯಬೇಡಿ. ಆ ಪ್ಲಾಸ್ಟಿಕ್ ಕವಚವೇ ನಿಮ್ಮ ಕೈಗೂ ಲೈನಿಗೂ ನಡುವಿರುವ ಇನ್ಸುಲೇಶನ್. ಅದರ ಮೇಲೆ ಬರೆದಿರುವ ಸುರಕ್ಷತೆಯ ವರ್ಗ ತೂತು ಬಿದ್ದ ಕ್ಷಣದಿಂದ ಅನ್ವಯಿಸುವುದಿಲ್ಲ. ಅಂಥ ಮೀಟರಿನಲ್ಲಿ ಕೆಲಸವಾದ ಮೇಲೆ ಬ್ಯಾಟರಿಯನ್ನು ತೆಗೆದಿಡುವುದು ರಗಳೆಯೆನಿಸಿದರೂ ಅದೇ ಸರಿ. ಬ್ಯಾಟರಿಯ ಮುಚ್ಚಳ ಬೇರೆಯಾಗಿಲ್ಲದೆ ಇಡೀ ಹಿಂಬದಿಯನ್ನೇ ಬಿಚ್ಚಬೇಕಾದ ಮಾದರಿಗಳಲ್ಲಿ ಸ್ಕ್ರೂ ಕೂರುವ ಪ್ಲಾಸ್ಟಿಕ್ ಬೇಗ ಸವೆಯುವುದರಿಂದ ಈ ಉಪಾಯವೂ ಬಹುಕಾಲ ನಡೆಯದು.

ಮೂರನೆಯದು ಹೊಸ ಮೀಟರ್. ಹಳೆಯದು ಇನ್ನೂರು, ಮುನ್ನೂರು ರೂಪಾಯಿಯದಾಗಿದ್ದು, ಶುಚಿಗೊಳಿಸಿದರೂ ಎಳೆತ ನಿಲ್ಲದಿದ್ದರೆ ರಿಪೇರಿಗೆ ಹಣ ಹಾಕದೆ ಹೊಸದನ್ನೇ ಕೊಳ್ಳಬೇಕು. ಆದರೆ ಮತ್ತೆ ಅದೇ ಮಾದರಿಯನ್ನಲ್ಲ. ಲೈನಿನ ಮೇಲೆ ಕೆಲಸ ಮಾಡುವವರು ಇನ್ನಷ್ಟು ಹಣ ಸೇರಿಸಿ, ತಾನಾಗಿ ಆಫ್ ಆಗುವ, ಬ್ಯಾಟರಿಗೆ ಪ್ರತ್ಯೇಕ ಮುಚ್ಚಳವಿರುವ, ‘ಕ್ಯಾಟ್ 3, 600 ವೋಲ್ಟ್’ ಸುರಕ್ಷತಾ ವರ್ಗದ ಮೀಟರ್ ಕೊಳ್ಳುವುದು ಜೀವದ ದೃಷ್ಟಿಯಿಂದಲೂ ಬೇಕಾದದ್ದು. ಬೆಂಗಳೂರಿನ ಎಸ್‌.ಪಿ. ರಸ್ತೆಯ ಅಂಗಡಿಯಲ್ಲಿ ನಿಂತು ಕೇಳುವಾಗ ಯಾವ ಸೆಲ್ ಹಾಕಬೇಕು ಎಂಬುದನ್ನೂ ವಿಚಾರಿಸಿ. ಎರಡು ದಪ್ಪ (ಎಎ) ಪೆನ್ ಸೆಲ್ಲಿನ ಮೀಟರಿಗೆ ಎಲ್ಲ ಊರಲ್ಲೂ ಸೆಲ್ ಸಿಗುತ್ತದೆ, ಅದೇ ಆಫ್ ಕರೆಂಟಿಗೆ 9 ವೋಲ್ಟಿನ ಬ್ಯಾಟರಿಯ ಐದು ಪಟ್ಟು ಕಾಲ ನಿಲ್ಲುತ್ತದೆ. ಫ್ಲೂಕ್ 17ಬಿ ಪ್ಲಸ್ ಈ ಬಗೆಯದು. ಅದೇ ಕಂಪನಿಯ ಚಿಕ್ಕ 101ಕ್ಕೆ ಎರಡು ಸಣ್ಣ (ಎಎಎ) ಪೆನ್ ಸೆಲ್ ಸಾಕು. 9 ವೋಲ್ಟಿನ ಮೀಟರೆಂದರೆ ಕಳಪೆಯೆಂದು ತಿಳಿಯಬೇಕಿಲ್ಲ: ಅವರದೇ 117 ಮತ್ತು 87-5 ಮಾದರಿಗಳು ಒಂದು 9 ವೋಲ್ಟ್ ಆಲ್ಕಲೈನಿನಲ್ಲಿ ಬೆಳಕಿಲ್ಲದೆ ಸುಮಾರು ನಾನೂರು ಗಂಟೆ ನಡೆಯುತ್ತವೆಂದು ಕೈಪಿಡಿಯೇ ಹೇಳುತ್ತದೆ. ಕೊಂಡ ದಿನವೇ ಆಫ್ ಕರೆಂಟನ್ನು ಅಳೆದು ಮುಚ್ಚಳದ ಒಳಗೆ ಬರೆದಿಟ್ಟುಕೊಂಡರೆ ಮುಂದೆ ದೋಷ ಬಂದಾಗ ಹೋಲಿಸಲು ಅಂಕಿಯೊಂದಿರುತ್ತದೆ, ಮೊದಲ ದಿನವೇ ಹೆಚ್ಚಿದ್ದರೆ ವಾರಂಟಿಯಲ್ಲಿ ಹಿಂದಿರುಗಿಸಬಹುದು.

ಸೆಲ್ ಯಾವುದೇ ಇರಲಿ, ಮೀಟರ್ ಯಾವುದೇ ಇರಲಿ, ಲೈನ್ ಸತ್ತಿದೆಯೆಂದು ಖಚಿತಪಡಿಸಿಕೊಳ್ಳುವ ಮೊದಲು ಕರೆಂಟ್ ಇದೆಯೆಂದು ಗೊತ್ತಿರುವ ಜಾಗದಲ್ಲಿ ಒಮ್ಮೆ, ಪರೀಕ್ಷೆಯ ನಂತರ ಅದೇ ಜಾಗದಲ್ಲಿ ಇನ್ನೊಮ್ಮೆ ಮೀಟರನ್ನು ಹಿಡಿದು ನೋಡಬೇಕು. ನಡುವೆ ಬ್ಯಾಟರಿ ಕೈಕೊಟ್ಟಿದ್ದರೆ ಎರಡನೆಯ ಸಲ ತಿಳಿಯುತ್ತದೆ. ಹೊಸ ಸೆಲ್ಲಿನೊಂದಿಗೆ ಹಳೆಯದನ್ನು ಬೆರೆಸಬೇಡಿ. ಬಿಡಿ 9 ವೋಲ್ಟಿನ ಬ್ಯಾಟರಿಯನ್ನು ಕೀಲಿಕೈ, ಚಿಲ್ಲರೆಗಳ ಜೊತೆ ಜೇಬಿಗೆ ಹಾಕಿಕೊಂಡರೆ ಎರಡೂ ಗುಂಡಿಗಳು ಒಂದೇ ಕಡೆ ಇರುವುದರಿಂದ ಶಾರ್ಟ್ ಆಗಿ ಬಿಸಿಯೇರಬಹುದು, ಗುಂಡಿಗಳ ಮೇಲೆ ಟೇಪ್ ಸುತ್ತಿಡಿ. ಮುಗಿದ ಸೆಲ್ಲುಗಳನ್ನು ಮನೆಯ ಕಸದಿಂದ ಬೇರೆಯಾಗಿಯೇ ವಿಲೇವಾರಿ ಮಾಡಬೇಕೆಂದು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹೇಳುತ್ತವೆ. ಹಳೆಯ ಮೀಟರನ್ನು ಇ-ತ್ಯಾಜ್ಯಕ್ಕೆ ಕೊಡುವಾಗಲೂ ಒಳಗಿನ ಸೆಲ್ ತೆಗೆದು ಬೇರೆಯಾಗಿ ಕೊಡಿ.